ಗೆದ್ದವನೇ ಬಿಚ್ಚಬೇಕು

ಅವರು ಯಾವ ಗಂಟನ್ನೂ ಕತ್ತರಿಸುತ್ತಿರಲಿಲ್ಲ. ಹೆಡ್ಡಾಫೀಸಿನಿಂದ ಬಂದ ಪಾರ್ಸೆಲ್ಲು, ಯಾರದೋ ಮದುವೆಯ ಸಿಹಿತಿಂಡಿಯ ಪೆಟ್ಟಿಗೆ, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಮಾಲೆಗಳ ಅಟ್ಟೆ, ಏನೇ ಇರಲಿ, ಮುಂದೆ ಇಟ್ಟುಕೊಂಡು ಉಗುರಿನಿಂದ ಗಂಟನ್ನು ಸಡಿಲಿಸುತ್ತ ಕೂರುತ್ತಿದ್ದರು. ಕತ್ತರಿ ಕೊಡಲು ಹೋದರೆ ಬೇಡವೆಂದು ತಲೆಯಾಡಿಸುವರು. ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಳ್ಳುವರು. ಬನ್ನಂಜೆಯ ಆ ಬ್ಯಾಂಕ್ ಶಾಖೆಯಲ್ಲಿ ನಾವೆಲ್ಲ ಅದನ್ನು ಜಿಪುಣತನ ಎಂದುಕೊಂಡಿದ್ದೆವು. ದಾರ ಉಳಿಸಿ ಮನೆ ಕಟ್ಟುತ್ತಾರೆ ಎಂದು ಕ್ಯಾಷಿಯರ್ ಒಬ್ಬರು ಅವರ ಎದುರಿಗೇ ಹೇಳುತ್ತಿದ್ದರು. ಅವರೂ ನಗುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡ ಮೇಲೆ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಹಳೆಯ ಫೋಟೊ ಓಡಾಡಿತು. ತೆಳ್ಳಗಿನ ಹುಡುಗನೊಬ್ಬ ಎರಡು ಮುಷ್ಟಿಗಳನ್ನು ಗಲ್ಲದ ಬಳಿ ಹಿಡಿದು ನಿಂತಿದ್ದಾನೆ. ಕೆಳಗೆ 'ಸೋಲರಿಯದ ಬಾಕ್ಸರ್' ಎಂದು ಯಾರೋ ಬರೆದಿದ್ದರು. ಅವರು ಸೋತಿದ್ದರು. ಹಲವು ಸಲ ಸೋತಿದ್ದರು, ಅದನ್ನು ಅವರೇ ಹೇಳುತ್ತಿದ್ದರು. ಸತ್ತವನ ಸೋಲುಗಳನ್ನು ಊರು ಇಷ್ಟು ಬೇಗ ಒರೆಸಿಹಾಕುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ನೆನಪನ್ನೂ ನಾನು ಅಷ್ಟಾಗಿ ನಂಬುವುದಿಲ್ಲ. ಅದಕ್ಕೂ ಒರೆಸುವ ಚಾಳಿಯಿದೆ. ಹಾಗಾಗಿ ಬಂದ ಹಾಗೆ ಬರೆಯುತ್ತೇನೆ. ಒಂದೇ ಸಂಗತಿಯನ್ನು ಅವರು ಎರಡು ರೀತಿ ಹೇಳಿದ್ದರೆ ಎರಡನ್ನೂ ಇಡುತ್ತೇನೆ.

ನಾನು ಗುಮಾಸ್ತೆಯಾಗಿ ಸೇರಿದಾಗ ಅವರು ಲಾಕರ್ ವಿಭಾಗದಲ್ಲಿದ್ದರು. ಬಾಕ್ಸಿಂಗ್‌ನಿಂದಾಗಿ ಸ್ಪೋರ್ಟ್ಸ್ ಕೋಟಾದಲ್ಲಿ ಬಂದ ಕೆಲಸ. ಆಟ ಬಿಟ್ಟು ಎಷ್ಟೋ ವರ್ಷವಾಗಿತ್ತು. ಎತ್ತರವೂ ಇಲ್ಲ, ದಪ್ಪವೂ ಇಲ್ಲ. ಮುರಿದು ಕೂಡಿಕೊಂಡ ಮೂಗೊಂದನ್ನು ಬಿಟ್ಟರೆ ಇವರು ಒಂದು ಕಾಲದಲ್ಲಿ ಜನರನ್ನು ಹೊಡೆಯುತ್ತಿದ್ದವರು ಎನ್ನಲು ಗುರುತೇ ಇರಲಿಲ್ಲ. ಕೈಕುಲುಕಲು ಕೈ ಚಾಚಿದರೆ ಬೆರಳು ಕೊಡುತ್ತಿರಲಿಲ್ಲ, ನಮ್ಮ ಮಣಿಕಟ್ಟನ್ನು ಮೆಲ್ಲನೆ ಹಿಡಿದು ಬಿಡುತ್ತಿದ್ದರು.

ಮಧ್ಯಾಹ್ನ ಊಟದ ಕೋಣೆಯಲ್ಲಿ ಮಾತ್ರ ಅವರು ಬೇರೆ ಮನುಷ್ಯ. ಬೇರೆ ಬೇರೆ ಕಾಲದ ಬಾಕ್ಸರುಗಳನ್ನು ತಂದು ಎದುರುಬದುರು ನಿಲ್ಲಿಸುವುದು ಅವರ ಹುಚ್ಚು. ನಾನು ಒಂದು ಪಂದ್ಯವನ್ನೂ ನೋಡಿದವಳಲ್ಲ. ಆದರೂ ಬುತ್ತಿ ಬಿಚ್ಚುವಾಗ ಅವರ ಬಳಿಯೇ ಹೋಗಿ ಕೂರುತ್ತಿದ್ದೆ. ಮೈಸೂರು ಕಡೆಯ ಹುಡುಗನೊಬ್ಬ ಹೊಸದಾಗಿ ಆಫೀಸರ್ ಆಗಿ ಬಂದಿದ್ದ. ಅವನ ಮೊಬೈಲಿನಲ್ಲಿ ಜಗತ್ತಿನ ಸಾರ್ವಕಾಲಿಕ ಹತ್ತು ಮಂದಿ ಶ್ರೇಷ್ಠರ ಪಟ್ಟಿಯಿತ್ತು. ಅದನ್ನು ಅವರ ತಟ್ಟೆಯ ಪಕ್ಕದಲ್ಲಿಟ್ಟು ಕೆಣಕಿದ.

"ಈಗಿನ ಚಾಂಪಿಯನ್ ನಿಮ್ಮ ಕಾಲದ ಯಾರನ್ನು ಬೇಕಾದರೂ ಎರಡು ರೌಂಡಲ್ಲಿ ಮಲಗಿಸ್ತಾನೆ ಸಾರ್."

"ಮಲಗಿಸ್ಲಿ. ಎಲ್ಲಿ ಮಲಗಿಸುದು?"

"ಎಲ್ಲಿ ಅಂದ್ರೆ? ರಿಂಗಲ್ಲಿ."

"ಯಾರ ಕಾಲದ ರಿಂಗಲ್ಲಿ ಮಾರಾಯ್ರೆ? ಅದನ್ನು ಮೊದಲು ಹೇಳಿ. ಆಮೇಲೆ ಮಲಗಿಸಿ."

ಅನ್ನ ಕಲಸುವುದನ್ನು ನಿಲ್ಲಿಸಿ ಅವರು ವಿವರಿಸಿದರು. ಹಿಂದೆ ದೊಡ್ಡ ಪಂದ್ಯಕ್ಕೆ ಹದಿನೈದು ಸುತ್ತು, ಈಗ ಹನ್ನೆರಡು. ಹಿಂದೆ ಪಂದ್ಯದ ದಿನವೇ ತೂಕ ನೋಡುತ್ತಿದ್ದರು, ಈಗ ವೃತ್ತಿಯ ಬಾಕ್ಸರುಗಳಿಗೆ ಹಿಂದಿನ ದಿನ. ಒಂದು ರಾತ್ರಿ ಪೂರ್ತಿ ತಿಂದು ಕುಡಿದು, ತೂಕ ಇಳಿಸಲೆಂದು ಒಣಗಿಸಿದ ಮೈಯನ್ನು ಮತ್ತೆ ತುಂಬಿಸಿಕೊಂಡು ಬರುತ್ತಾರೆ. ಈಗಿನ ಇವನನ್ನು ಹಿಂದಿನ ಅವನ ಕಾಲಕ್ಕೆ ಕರೆದುಕೊಂಡು ಹೋದರೆ ಹನ್ನೆರಡರವರೆಗೆ ಇವನೇ ರಾಜ. ಅದರ ನಂತರದ ಮೂರು ಸುತ್ತಿನಲ್ಲಿ ಇವನ ಕಾಲು ಇವನ ಮಾತು ಕೇಳುವುದಿಲ್ಲ. ಅವನನ್ನು ಇವನ ಕಾಲಕ್ಕೆ ತಂದರೆ, ಅವನು ಬಿಸಿಯಾಗುವ ಹೊತ್ತಿಗೆ ಗಂಟೆ ಹೊಡೆದು ಮುಗಿದಿರುತ್ತದೆ.

"ಹಾಗಾದರೆ ಹೋಲಿಸಲಿಕ್ಕೇ ಆಗಲ್ಲ ಅಂತೀರಾ?"

"ಹೋಲಿಸದೆ ಇರಲಿಕ್ಕೆ ಆಗುದಿಲ್ಲ ಅಲ್ವಾ? ಅದೇ ಕಷ್ಟ ಇರುದು."

ಪಟ್ಟಿಗಳ ಬಗ್ಗೆ ಅವರಿಗೆ ತಿರಸ್ಕಾರವಿತ್ತು. ಒಬ್ಬನ ದೊಡ್ಡತನವನ್ನು ಅವನೊಬ್ಬನನ್ನೇ ನೋಡಿ ಅಳೆಯಲು ಆಗುವುದಿಲ್ಲ ಎನ್ನುತ್ತಿದ್ದರು. ಅವನ ಎದುರು ಯಾರು ನಿಂತಿದ್ದರು, ಎಷ್ಟು ಸಲ ನಿಂತಿದ್ದರು, ಸೋತ ಮೇಲೆ ಮತ್ತೆ ಬಂದರೇ, ಅದನ್ನು ನೋಡಬೇಕು. ಪೈಪೋಟಿ ಇಲ್ಲದ ಚಾಂಪಿಯನ್ ಎಂದರೆ ಬರಿಯ ಕನ್ನಡಿಗೆ ಹೊಡೆದವನು. ಇದರ ಜೊತೆಗೆ ಇನ್ನೊಂದು ಅಳತೆಯಿತ್ತು, ಅದನ್ನು ಹೇಳುವಾಗ ದನಿ ಇಳಿಯುತ್ತಿತ್ತು.

"ಅರವತ್ತನೇ ವಯಸ್ಸಲ್ಲಿ ಅವನ ಅಂಗಿಯ ಗುಂಡಿ ಅವನೇ ಹಾಕ್ತಿದ್ದನಾ? ಅದನ್ನೂ ಮಾರ್ಕಿಗೆ ಸೇರಿಸಿ. ಅವನದ್ದು ಮಾತ್ರ ಅಲ್ಲ. ಅವನು ಸೋಲಿಸಿದವನದ್ದೂ."

ಮೈಸೂರಿನ ಹುಡುಗ ನಕ್ಕ. ನನಗೂ ಅದು ಚಮತ್ಕಾರದ ಮಾತು ಎನಿಸಿತ್ತು.

ವಿಚಿತ್ರವೆಂದರೆ ಅವರು ಯಾವ ಬಾಕ್ಸರನ ಹೆಸರನ್ನೂ ಹೇಳುತ್ತಿರಲಿಲ್ಲ. ಜಗತ್ತೇ ಬಲ್ಲ ಹೆಸರುಗಳನ್ನೂ ಬಿಟ್ಟು ತಮ್ಮದೇ ಹೆಸರು ಇಟ್ಟಿದ್ದರು. ರಿಂಗಿನ ತುಂಬ ತೇಲಾಡುತ್ತ ಕೈಗೆ ಸಿಗದವನು ನೀರುಹಾವು. ತಲೆ ತಗ್ಗಿಸಿ ಮುಂದೆ ಮುಂದೆ ಬರುವವನು ಟಗರು. ಎಷ್ಟು ಹೊಡೆದರೂ ಅಲುಗದವನು ಉಪ್ಪಿನ ಮೂಟೆ. ಎಡಗೈಯಿಂದ ದೂರವನ್ನು ಅಳೆದು ಅಳೆದು ಹೊಡೆಯುವವನು ದರ್ಜಿ. ನೀರುಹಾವು ಮತ್ತು ಟಗರಿನ ಪೈಪೋಟಿ ಒಂದು ಕಾಲದ್ದು, ದರ್ಜಿಯದು ಅದಕ್ಕಿಂತ ಹಿಂದಿನದು, ಉಪ್ಪಿನ ಮೂಟೆ ಇತ್ತೀಚಿನವನು. ದರ್ಜಿಯೂ ಉಪ್ಪಿನ ಮೂಟೆಯೂ ಹದಿನೈದು ಸುತ್ತು ಆಡಿದರೆ ಯಾರು ಎಂದು ಸೋಮವಾರ ತೀರ್ಪು ಹೇಳುತ್ತಿದ್ದರು. ಶನಿವಾರ ಎಷ್ಟು ಒತ್ತಾಯಿಸಿದರೂ ಹೇಳುತ್ತಿರಲಿಲ್ಲ, ಇನ್ನೂ ಯೋಚಿಸಬೇಕು ಎನ್ನುವರು. ಭಾನುವಾರ ಮನೆಯಲ್ಲಿ ಕೂತು ಯೋಚಿಸುತ್ತಾರೆ ಎಂದು ನಾವು ನಂಬಿದ್ದೆವು.

ಅವರದೇ ಪೈಪೋಟಿಯ ಕತೆಯನ್ನು ನಾನು ಮೊದಲು ಕೇಳಿದ್ದೂ ಆ ಊಟದ ಕೋಣೆಯಲ್ಲೇ.

ಆದಿ ಉಡುಪಿಯಲ್ಲಿ ಒಂದು ಅಕ್ಕಿ ಮಿಲ್ಲಿತ್ತಂತೆ. ಅದರ ಹಿಂದಿನ ಗೋದಾಮಿನಲ್ಲಿ, ಸೇನೆಯಿಂದ ನಿವೃತ್ತರಾಗಿ ಬಂದ ಸುಬೇದಾರರೊಬ್ಬರು ಸಂಜೆ ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದರು. ಕುಚ್ಚಲಕ್ಕಿಗೆ ಭತ್ತ ಬೇಯಿಸುವ ವಾಸನೆಯಲ್ಲೇ ಅಭ್ಯಾಸ. ಅಲ್ಲಿಗೆ ಕಾರ್ಕಳದಿಂದ ಬಸ್ಸಿನಲ್ಲಿ ಒಬ್ಬ ಬರುತ್ತಿದ್ದ. ಶಿಲೆ ಕೆತ್ತುವವರ ಮನೆಯ ಹುಡುಗ, ಉಳಿ ಹಿಡಿದು ಗಟ್ಟಿಯಾದ ಕೈ. ಇಬ್ಬರದೂ ಒಂದೇ ತೂಕದ ವರ್ಗ, ಒಂದೇ ವಯಸ್ಸು. ಪಂದ್ಯಗಳಲ್ಲಿ ಎರಡು ಸಲ ಎದುರಾದರು. ಒಮ್ಮೆ ಇವರು ಗೆದ್ದರು, ಒಮ್ಮೆ ಅವನು. ಮೂರನೆಯದು ಮಂಗಳೂರಿನಲ್ಲಿ. ಅದನ್ನು ನೋಡಲು ಬ್ಯಾಂಕಿನ ಅಧಿಕಾರಿಗಳು ಬಂದಿದ್ದರು. ಬ್ಯಾಂಕಿನ ತಂಡಕ್ಕೆ ಆ ತೂಕದಲ್ಲಿ ಒಬ್ಬ ಬಾಕ್ಸರ್ ಬೇಕಾಗಿದ್ದ. ಒಬ್ಬನೇ. ಗೆದ್ದವನಿಗೆ ಕೆಲಸ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಸುಬೇದಾರರ ಗೋದಾಮಿನಲ್ಲಿ ಒಂದು ನಿಯಮವಿತ್ತು. ಆ ಕಾಲದ ಗ್ಲೌಸಿಗೆ ಮಣಿಕಟ್ಟಿನ ಬಳಿ ಲಾಡಿ ಬಿಗಿಯುತ್ತಿದ್ದರು. ಒಮ್ಮೆ ಕಟ್ಟಿದ ಮೇಲೆ ತನ್ನದನ್ನು ತಾನೇ ಬಿಚ್ಚಿಕೊಳ್ಳಲು ಯಾರಿಂದಲೂ ಆಗದು. ಪಂದ್ಯ ಮುಗಿದ ಮೇಲೆ ಗೆದ್ದವನ ಗ್ಲೌಸನ್ನು ಅವನ ಕಡೆಯವರು ಬಿಚ್ಚಬೇಕು. ಆಮೇಲೆ ಗೆದ್ದವನೇ ಸೋತವನ ಮೂಲೆಗೆ ಹೋಗಿ ಅವನ ಎರಡೂ ಕೈಯ ಲಾಡಿಯನ್ನು ಬೆರಳಿನಿಂದ ಬಿಚ್ಚಬೇಕು. ಬ್ಲೇಡು, ಕತ್ತರಿ ಹಾಕುವಂತಿಲ್ಲ. ಗಂಟು ಬಿಚ್ಚುವಷ್ಟು ಹೊತ್ತು ಅವನ ಮುಖ ನೋಡಬೇಕಲ್ಲ, ಅದಕ್ಕೇ ಆ ನಿಯಮ ಎಂದು ಸುಬೇದಾರರು ಹೇಳುತ್ತಿದ್ದರಂತೆ.

ಊಟದ ಕೋಣೆಯ ಕತೆಯಲ್ಲಿ ಅವರು ಮೂರನೆಯ ಪಂದ್ಯ ಗೆದ್ದರು, ಕಾರ್ಕಳದವನ ಮೂಲೆಗೆ ಹೋದರು, ಲಾಡಿ ಬಿಚ್ಚಿದರು, ಇಬ್ಬರೂ ಒಂದೇ ಡಬ್ಬಿಯಿಂದ ಗಂಜಿತಿಳಿ ಕುಡಿದರು. ಕ್ಯಾಷಿಯರ್ ಚಪ್ಪಾಳೆ ತಟ್ಟಿದರು. ಆಮೇಲೆ ಆ ಇನ್ನೊಬ್ಬರು ಏನಾದರು ಎಂದು ನಾನು ಕೇಳಿದಾಗ, "ಉಂಟು, ಕಾರ್ಕಳದಲ್ಲೇ ಉಂಟು" ಎಂದು ತಟ್ಟೆ ತೊಳೆಯಲು ಎದ್ದು ಹೋದರು.

ಅವರು ನಿವೃತ್ತರಾದ ದಿನ ಸಂಜೆ ಶಾಖೆಯವರೆಲ್ಲ ಕಾಪುವಿನ ಕಡಲತೀರಕ್ಕೆ ಹೋಗಿದ್ದೆವು. ಉಳಿದವರು ದೀಪಸ್ತಂಭದ ಬಂಡೆ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವರು ಕೆಳಗೆ ಮರಳಿನಲ್ಲಿ ನಡೆಯುತ್ತಿದ್ದರು, ನಾನೂ ಜೊತೆಗಿದ್ದೆ. ಸನ್ಮಾನದ ಶಾಲು ಇನ್ನೂ ಹೆಗಲ ಮೇಲೇ ಇತ್ತು. ಮೂರನೆಯ ಪಂದ್ಯದ ಮುಂಚೆ ಇಬ್ಬರೂ ತೂಕ ಇಳಿಸಲು ಇಲ್ಲೇ ಓಡಿದ್ದು ಎಂದರು. ದೋಣಿಗೆ ಹೊದೆಸುವ ಪ್ಲಾಸ್ಟಿಕ್ ಹಾಳೆಯನ್ನು ಮೈಗೆ ಸುತ್ತಿಕೊಂಡು, ಬಿಸಿಲಿನಲ್ಲಿ. ಕಾರ್ಕಳದವನ ತೂಕ ಇಳಿಯಲೇ ಇಲ್ಲ. ಪಂದ್ಯದ ಬೆಳಿಗ್ಗೆ ಅವನನ್ನು ಮಿಲ್ಲಿನ ಭತ್ತ ಬೇಯಿಸುವ ಕೋಣೆಗೆ ಕರೆದುಕೊಂಡು ಹೋದವರು ಇವರೇ. ಆವಿಯಲ್ಲಿ ಕೂರಿಸುವುದು ಅಲ್ಲಿನ ಹುಡುಗರ ಉಪಾಯ. ತಮಗೆ ಅಗತ್ಯವಿಲ್ಲದಿದ್ದರೂ ಜೊತೆಗೆ ತಾವೂ ಕೂತರು. ಬೆವರು ನಿಲ್ಲುವವರೆಗೆ ಕೂತರು. ನಿಂತದ್ದು ಕಾರ್ಕಳದವನ ಬೆವರು. ಒಳಗೆ ನೀರೇ ಉಳಿದಿರಲಿಲ್ಲ. ತೂಕ ಸರಿಹೋಯಿತು ಎಂದು ಇಬ್ಬರೂ ಖುಷಿಪಟ್ಟರು. ಸಂಜೆ ಪಂದ್ಯ.

ನಾನು, ಆಮೇಲೆ ಗೆದ್ದಿರಲ್ಲ ಎಂದೆ.

"ಆ ದಿನ ನಾನು ಬಿಚ್ಚಲಿಲ್ಲ ಮೇಡಂ."

ರೆಫರಿ ಕೈ ಎತ್ತಿದ ಕೂಡಲೇ ಬ್ಯಾಂಕಿನವರು ಬಂದು ಹೆಗಲ ಮೇಲೆ ಹೊತ್ತರಂತೆ. ಹಾರ ಹಾಕಿದರು. ಹೊರಗೆ ಕಾರಿತ್ತು. ಹೋಟೆಲಿಗೆ ಕರೆದುಕೊಂಡು ಹೋದರು, ಊಟ ಕೊಡಿಸಿದರು, ಅಪ್ಪನ ಹೆಸರು ಕೇಳಿದರು, ಎಷ್ಟು ಓದಿದ್ದೀ ಎಂದು ಕೇಳಿದರು. ಹೆಗಲ ಮೇಲಿನಿಂದ ಹಿಂತಿರುಗಿ ನೋಡಿದಾಗ ಕಾರ್ಕಳದವನು ಸ್ಟೂಲಿನ ಮೇಲೆ ಕೂತಿದ್ದ. ಎರಡೂ ಗ್ಲೌಸು ತೊಡೆಯ ಮೇಲೆ. ಪಕ್ಕದಲ್ಲಿ ಗಂಜಿತಿಳಿಯ ಸ್ಟೀಲ್ ಡಬ್ಬಿ, ಮುಚ್ಚಳ ಬಿಗಿದದ್ದು. ಗ್ಲೌಸು ಹಾಕಿದ ಕೈಯಲ್ಲಿ ಅದನ್ನು ತೆಗೆಯಲಿಕ್ಕೆ ಆಗುವುದಿಲ್ಲವಲ್ಲ ಎಂದು ಕಾರಿನಲ್ಲಿ ಕೂತ ಮೇಲೆ ಹೊಳೆಯಿತಂತೆ.

ಹೆಗಲ ಮೇಲಿನಿಂದ ಡಬ್ಬಿಯ ಮುಚ್ಚಳ ಕಾಣುತ್ತಿತ್ತೇ? ನನಗೆ ಅನುಮಾನ. ಆಮೇಲಿನ ವರ್ಷಗಳಲ್ಲಿ ಅವರೇ ಆ ಮುಚ್ಚಳವನ್ನು ಬಿಗಿದಿರಬಹುದು. ಆದರೆ ಕಾಪುವಿನ ಮರಳಿನಲ್ಲಿ ಅವರು ಶಾಲಿನ ಅಂಚಿನ ಗೊಂಡೆಯನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪಂದ್ಯದ ಮೂರನೆಯ ದಿನವೋ ನಾಲ್ಕನೆಯ ದಿನವೋ ಕಾರ್ಕಳದವನು ಕೆಲಸದ ಶೆಡ್ಡಿನಲ್ಲಿ ಉಳಿ ಹಿಡಿದವನು ಹಾಗೆಯೇ ಒರಗಿದ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಶಸ್ತ್ರಚಿಕಿತ್ಸೆ ಮಾಡಿ ಬದುಕಿಸಿದರು. ಮಾತು ಹೋಯಿತು, ಆಮೇಲೆ ಅರ್ಧ ಬಂತು. ಕೈಯ ಹಿಡಿತ ಬರಲಿಲ್ಲ. ಅದೇ ವಾರ ಇವರು ಬ್ಯಾಂಕಿಗೆ ಸೇರಿದ್ದರು.

"ನನ್ನ ಏಟಿಗೋ, ಆ ಆವಿಗೋ ಅಂತ ಇವತ್ತಿಗೂ ಗೊತ್ತಿಲ್ಲ" ಎಂದರು. ಒಣಗಿದ ಮೈಯ ತಲೆ ಏಟು ತಡೆಯುವುದಿಲ್ಲ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಈಗ ಎಲ್ಲರೂ ಹೇಳುತ್ತಾರೆ. ಅವರು ಕಾಲ ಕಾಲದ ನಿಯಮಗಳನ್ನು ಅಷ್ಟು ಹಟದಿಂದ ಲೆಕ್ಕಕ್ಕೆ ತರುತ್ತಿದ್ದುದು, ತೂಕ ಯಾವಾಗ ನೋಡಿದರು ಎಂದು ಕೇಳುತ್ತಿದ್ದುದು ನನಗೆ ಆಗ ಬೇರೆ ರೀತಿ ಕೇಳಿಸತೊಡಗಿತು. ಬೇರೆ ಕಾಲದಲ್ಲಾಗಿದ್ದರೆ ಆ ಪಂದ್ಯವನ್ನು ಯಾರು ಗೆಲ್ಲುತ್ತಿದ್ದರು? ಅವರ ಎಲ್ಲ ಹೋಲಿಕೆಗಳ ಕೆಳಗೆ ಇದ್ದದ್ದು ಈ ಒಂದೇ ಪ್ರಶ್ನೆ ಎಂದು ಬರೆಯಲು ಕೈ ಹೋಗುತ್ತಿದೆ. ಅಷ್ಟು ನೀಟಾಗಿ ಇರಲಿಕ್ಕಿಲ್ಲ. ಅವರಿಗೆ ನೀರುಹಾವಿನ ಕಾಲುಗಳ ಮೇಲೆ ನಿಜವಾದ ಪ್ರೀತಿಯೂ ಇತ್ತು.

ನಿವೃತ್ತಿಯಾಗಿ ಕೆಲವು ವರ್ಷಗಳಿಗೆ ಅವರ ನಡಿಗೆ ಕೆಟ್ಟಿತು. ಪಾದ ಎತ್ತದೆ ಎಳೆಯತೊಡಗಿದರು. ಬನ್ನಂಜೆಯಲ್ಲಿ ಅವರ ಮನೆ ನಮ್ಮ ಪಕ್ಕದ ಓಣಿಯಲ್ಲಿ. ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಮಣಿಪಾಲದಲ್ಲಿ ತಲೆಯ ಸ್ಕ್ಯಾನ್ ಆದ ದಿನ ಅಕ್ಕನ ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರು ಪರದೆಯ ಮೇಲಿನ ಚಿತ್ರ ತೋರಿಸಿ, ಎಷ್ಟು ವರ್ಷ ಬಾಕ್ಸಿಂಗ್ ಆಡಿದಿರಿ ಎಂದು ಕೇಳಿದರು. ಇವರು ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇದು ಗೆದ್ದವನ ತಲೆ ಡಾಕ್ಟ್ರೆ. ಸೋತವನದ್ದು ಕಾರ್ಕಳದಲ್ಲಿ ಉಂಟು. ಹೋಲಿಸಿ ನೋಡ್ಬಹುದು."

ಅಕ್ಕ ಮುಖ ತಿರುಗಿಸಿದರು.

ಆಮೇಲೆ ಅವರು ಒಬ್ಬರೇ ಬಸ್ಸು ಹತ್ತುವಂತಿರಲಿಲ್ಲ. ಆದರೆ ಭಾನುವಾರ ಬಂತೆಂದರೆ ಬೆಳಿಗ್ಗೆಯೇ ಚಪ್ಪಲಿ ಹಾಕಿಕೊಂಡು ಗೇಟಿನ ಬಳಿ ನಿಂತುಬಿಡುವರು. ಅಕ್ಕ ಬಂದು, ಒಂದು ಸಲ ಕಾರಿನಲ್ಲಿ ಕರೆದುಕೊಂಡು ಹೋಗ್ತೀಯಾ ಎಂದು ನನ್ನನ್ನು ಕೇಳಿದರು. ಎಲ್ಲಿಗೆ ಎಂದೆ. ಕಾರ್ಕಳಕ್ಕೆ ಎಂದರು. ಪ್ರತಿ ಭಾನುವಾರ ಅವರು ಹೋಗುತ್ತಿದ್ದುದು ಅಲ್ಲಿಗೆ. ಬ್ಯಾಂಕಿಗೆ ಸೇರಿದಾಗಿನಿಂದ, ಮದುವೆಗೂ ಮೊದಲಿನಿಂದ.

ಕಾರ್ಕಳದಲ್ಲಿ ಆನೆಕೆರೆಯ ಕಡೆ ಇಳಿಯುವ ದಾರಿಯಲ್ಲಿ ಹೆಂಚಿನ ಸಣ್ಣ ಮನೆ. ಅಂದಿನ ಆ ಎದುರಾಳಿ, ಕಾರ್ಕಳದವರು, ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಕ್ಷೌರ ಮಾಡಿದ ಶುಚಿಯಾದ ಮುಖ, ತಲೆಯ ಒಂದು ಬದಿಯಲ್ಲಿ ತಗ್ಗು. ನೋಡಿಕೊಳ್ಳುತ್ತಿದ್ದುದು ಅವರ ತಂಗಿ. ಆಕೆ ಮೊರದಲ್ಲಿ ಎಲೆ, ಹೊಗೆಸೊಪ್ಪು, ದಾರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಅಣ್ಣನಿಗೆ ಹೊಸ ಜನ ಕಂಡರೆ ಆಗುವುದಿಲ್ಲ, ನೀವು ಇಲ್ಲಿ ನನ್ನ ಹತ್ತಿರ ಕೂತುಕೊಳ್ಳಿ ಎಂದರು.

ನನ್ನ ಜೊತೆ ಬಂದ ಇವರು ಕುರ್ಚಿ ಎಳೆದು ಆ ಅಣ್ಣನ ಎದುರಿಗೆ ಕೂತು ಮೊಬೈಲು ತೆಗೆದರು. ಮೊದಲು ದರ್ಜಿಯ ಹಳೆಯ ಕಪ್ಪು ಬಿಳುಪು ಪಂದ್ಯದ ತುಣುಕು, ಆಮೇಲೆ ಟಗರಿನದು. ಕಾರ್ಕಳದವರು ಕಣ್ಣು ಮಿಟುಕಿಸದೆ ನೋಡಿದರು. ಇಬ್ಬರೂ ತುಳುವಿನಲ್ಲಿ ಮಾತಾಡುತ್ತಿದ್ದರು. ಮಾತೆಲ್ಲ ಇವರದೇ. ಹದಿನೈದು ಸುತ್ತು, ತೂಕ ಅದೇ ದಿನ, ಹಳೆಯ ಗ್ಲೌಸು ಎಂದು ನಿಯಮಗಳನ್ನೆಲ್ಲ ಹೇಳಿದರು. ಕಡೆಗೆ ಒಂದೇ ಪದ.

"ಏರ್?"

ಯಾರು ಎಂದು ಅರ್ಥ. ಕಾರ್ಕಳದವರ ಎಡಗೈ ನಿಧಾನವಾಗಿ, ನಡುಗುತ್ತ ಮೇಲೆದ್ದಿತು. ರೆಫರಿ ಎತ್ತಿ ಹಿಡಿದ ಹಾಗೆ. ಎಡಗೈ ಎಂದರೆ ಮೊದಲು ತೋರಿಸಿದವನು.

"ದರ್ಜಿಯಾ? ನಿನಗೆ ತಲೆ ಸಮ ಉಂಟಾ ಮಾರಾಯ? ಟಗರು ಅವನನ್ನು ಹಗ್ಗಕ್ಕೆ ಒತ್ತಿದರೆ ಎಂತ ಮಾಡ್ತಾನೆ ಅವನು, ಅಳತೆ ತೆಗೀತಾನಾ?"

ಕಾರ್ಕಳದವರು ಎತ್ತಿದ ಕೈಯನ್ನು ಇಳಿಸಲಿಲ್ಲ. ಬಾಯಿ ಒಂದು ಬದಿಗೆ ಸರಿಯಿತು. ನಗು ಎಂದು ಆಮೇಲೆ ತಿಳಿಯಿತು. ಇವರು ಇನ್ನಷ್ಟು ಬೈದರು, ಇನ್ನಷ್ಟು ವಾದಿಸಿದರು. ಕೊನೆಗೆ, ಆಯ್ತು, ದರ್ಜಿ ಎಂದು ಒಪ್ಪಿಕೊಂಡರು. ಸೋಮವಾರದ ತೀರ್ಪುಗಳೆಲ್ಲ ಎಲ್ಲಿಂದ ಬರುತ್ತಿದ್ದವೆಂದು ನನಗೆ ಆಗ ತಿಳಿಯಿತು. ಹೆಸರುಗಳೂ ಅಷ್ಟೆ. ಪೆಟ್ಟಾದ ಮೇಲೆ ಅಣ್ಣನ ತಲೆಯಲ್ಲಿ ಹೆಸರು ನಿಲ್ಲುವುದಿಲ್ಲ, ಆಡುವ ರೀತಿ ಮಾತ್ರ ನಿಲ್ಲುತ್ತದೆ, ಹಾಗಾಗಿ ಇವರು ರೀತಿಯನ್ನೇ ಹೆಸರು ಮಾಡಿದರು ಎಂದು ತಂಗಿ ಹೇಳಿದರು.

ಹೊರಡುವ ಮುಂಚೆ ಇವರು ಮೊಬೈಲು ಜೇಬಿಗೆ ಹಾಕಿದರು. ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದರು. ಕಾರ್ಕಳದವರ ಎಡ ಮಂಡಿಯನ್ನು ಮುಟ್ಟಿ ನೀನು ಎಂದರು, ಬಲ ಮಂಡಿಯನ್ನು ಮುಟ್ಟಿ ನಾನು ಎಂದರು. ಮಂಗಳೂರು. ಮೂರನೆಯದು.

"ಏರ್?"

ಕಾರ್ಕಳದವರ ಎರಡೂ ಕೈ ತೊಡೆಯ ಮೇಲೇ ಇದ್ದವು. ಇವರು ಕಾದರು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರು. ಕೈ ಏಳಲಿಲ್ಲ.

"ಪ್ರತಿ ಭಾನುವಾರ ಕೇಳ್ತಾರೆ. ಎಷ್ಟೋ ವರ್ಷ ಆಯ್ತು. ಬೇರೆ ಎಲ್ಲದಕ್ಕೂ ಉತ್ತರ ಉಂಟು, ಅದಕ್ಕೆ ಇಲ್ಲ" ಎಂದು ತಂಗಿ ತಗ್ಗಿದ ದನಿಯಲ್ಲಿ ಹೇಳಿದರು.

ಇವರನ್ನು ಕಾರಿನಲ್ಲಿ ಕೂರಿಸಿ ಬಾಗಿಲು ಹಾಕಿದ ಮೇಲೆ ಆಕೆ ಗೇಟಿನ ಬಳಿ ನನ್ನನ್ನು ನಿಲ್ಲಿಸಿಕೊಂಡರು. ಅವತ್ತು ಆಕೆ ಸಣ್ಣವರು, ಮನೆಯಲ್ಲೇ ಇದ್ದರು. ಮಂಗಳೂರಿಗೆ ಹೋಗಿದ್ದು ಅಪ್ಪ. ಗಂಜಿತಿಳಿಯ ಡಬ್ಬಿ ಒಯ್ದದ್ದೂ ಅಪ್ಪನೇ. ಪಂದ್ಯ ಮುಗಿದ ಮೇಲೆ ಮುಚ್ಚಳ ತೆಗೆದು ಬಾಯಿಗೆ ಹಿಡಿದರೆ ಅಣ್ಣ ಕುಡಿಯಲಿಲ್ಲವಂತೆ. ಲಾಡಿ ಬಿಚ್ಚಲು ಹೋದರೆ ಕೈ ಎಳೆದುಕೊಂಡ. ಅವನು ಬರುತ್ತಾನೆ, ಅವನೇ ಬಿಚ್ಚಬೇಕು ಎಂದ. ಜನ ಖಾಲಿಯಾಗುವವರೆಗೆ, ಬೆಂಚು ಎತ್ತಿಡುವವರೆಗೆ ಹಾಗೆಯೇ ಕೂತಿದ್ದ. ಕೊನೆಗೆ ಸುಬೇದಾರರೇ ಬಂದು ಬ್ಲೇಡು ಹಾಕಿ ಲಾಡಿ ಕೊಯ್ದರು. ಅಪ್ಪ ಸಾಯುವವರೆಗೆ ಈ ಮಾತು ಹೇಳುತ್ತಿದ್ದರಂತೆ.

ಮುಚ್ಚಳ ಬಿಗಿದಿರಲಿಲ್ಲ, ಹಾಗಾದರೆ. ಅಥವಾ ಅಪ್ಪನ ನೆನಪಿನಲ್ಲಿ ತೆರೆದುಕೊಂಡಿತು. ಗ್ಲೌಸು ಹಾಕಿಕೊಂಡೇ ಕೂತದ್ದು ಮಾತ್ರ ಇಬ್ಬರ ಕತೆಯಲ್ಲೂ ಒಂದೇ.

ಇವರಿಗೆ ಇದು ಗೊತ್ತುಂಟಾ ಎಂದು ಕೇಳಿದೆ.

"ಹೇಳ್ಲಿಲ್ಲ. ಹೇಳಿ ಎಂತ ಮಾಡುದು? ಮತ್ತೆ ಮುಖ ತೋರಿಸ್ಲಿಕ್ಕೆ ಆಗದೆ ಬರುದನ್ನೇ ನಿಲ್ಲಿಸಿದರೆ? ಅಣ್ಣನಿಗೆ ವಾರದಲ್ಲಿ ಇರುದು ಅದೊಂದು ದಿನ."

ಮರಳಿ ಬರುವಾಗ ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಅವನು ತೀರ್ಪು ಕೊಡದೆ ನಾನು ಸಾಯುವುದಿಲ್ಲ ಎಂದರು. ನಗುತ್ತ ಹೇಳಿದರೋ ಹಾಗೇ ಹೇಳಿದರೋ, ನಾನು ರಸ್ತೆ ನೋಡುತ್ತಿದ್ದೆ. ಅವನು ಸೋತೆ ಎಂದರೆ ತಾನು ಇಷ್ಟು ವರ್ಷ ತಿಂದ ಅನ್ನ ತನ್ನದು. ಗೆದ್ದೆ ಎಂದರೆ ಅದು ಅವನದು. ಎರಡರಲ್ಲಿ ಯಾವುದಾದರೂ ಆಗಬಹುದು, ಏನೂ ಹೇಳದೆ ಇರುವುದನ್ನು ಮಾತ್ರ ತಡೆಯಲು ಆಗುವುದಿಲ್ಲ ಎಂದರು.

ಆಮೇಲೆ ಇನ್ನೂ ಕೆಲವು ಭಾನುವಾರ ಹೋದೆವು. ಕೈ ಏಳಲಿಲ್ಲ. ಇವರ ಹೋಲಿಕೆಗಳೂ ಕಲಸಿಹೋಗತೊಡಗಿದವು. ಹಳೆಯ ಕಾಲದವನಿಗೆ ಹನ್ನೆರಡು ಸುತ್ತು ಕೊಡುವರು, ಹೊಸಬನಿಗೆ ಹದಿನೈದು. ಒಂದು ದಿನ ನೀರುಹಾವಿನ ಎದುರಿಗೆ ತಮ್ಮನ್ನೇ ನಿಲ್ಲಿಸಿಕೊಂಡರು. ಅಂಗಿಯ ಗುಂಡಿ ಅಕ್ಕ ಹಾಕತೊಡಗಿದ್ದರು. ಅದನ್ನು ಮಾರ್ಕಿಗೆ ಸೇರಿಸಿ ಎಂದು ಒಮ್ಮೆ ನನಗೆ ಹೇಳಿದರು. ಅದು ನಾನು ಅವರಿಂದ ಕೇಳಿದ ಕೊನೆಯ ಪೂರ್ತಿ ವಾಕ್ಯ. ಆಮೇಲೆ ನುಂಗುವುದು ಕಷ್ಟವಾಯಿತು. ಗಂಜಿತಿಳಿಯನ್ನೂ ಚಮಚದಲ್ಲಿ ಹನಿಹನಿಯಾಗಿ ಕೊಡಬೇಕಾಗಿತ್ತು, ಅದೂ ಶ್ವಾಸಕ್ಕೆ ಹೋಗಿ ಕಫವಾಯಿತು. ಕೊನೆಯ ದಿನಗಳನ್ನು ನಾನು ಬರೆಯುವುದಿಲ್ಲ. ಅವುಗಳಲ್ಲಿ ಅವರು ಇರಲಿಲ್ಲ.

ತೀರಿಕೊಂಡ ದಿನ ಬೆಳಿಗ್ಗೆ ಅವರನ್ನು ಮನೆಯ ಚಾವಡಿಯಲ್ಲಿ ಮಲಗಿಸಿದ್ದರು. ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿದ್ದರು, ಕೈಯ ಹೆಬ್ಬೆರಳುಗಳನ್ನೂ ಎದೆಯ ಮೇಲೆ ಜೋಡಿಸಿ ಬಿಳಿಯ ದಾರದಿಂದ ಕ್ರಮದಂತೆ ಕಟ್ಟಿದ್ದರು. ಬ್ಯಾಂಕಿನ ಹಳಬರು ಅಂಗಳದಲ್ಲಿ ನಿಂತಿದ್ದರು. ಕಾರ್ಕಳದವರನ್ನು ತಂಗಿ ಬಾಡಿಗೆ ಕಾರಿನಲ್ಲಿ ಕರೆತಂದರು. ಅವರು ಬನ್ನಂಜೆಯ ಆ ಮನೆಗೆ ಬಂದದ್ದು ಅದೇ ಮೊದಲ ಸಲ.

ತಂಗಿಯ ತೋಳು ಹಿಡಿದು ಒಳಗೆ ಬಂದರು. ಕಾಲಿಗೆ ನಮಸ್ಕರಿಸುತ್ತಾರೆಂದು ಜನ ದಾರಿ ಬಿಟ್ಟರು. ಅವರು ಕಾಲಿನ ಬಳಿ ನಿಲ್ಲಲಿಲ್ಲ. ಎದೆಯ ಪಕ್ಕಕ್ಕೆ ಬಂದು, ತಂಗಿಯ ಆಸರೆಯಲ್ಲಿ ನೆಲದ ಮೇಲೆ ಕೂತರು. ಸ್ವಲ್ಪ ಹೊತ್ತು ಮುಖ ನೋಡಿದರು. ಆಮೇಲೆ ಹೆಣದ ಕೈಗಳನ್ನು ತಮ್ಮ ಕಡೆಗೆ ಎಳೆದುಕೊಂಡು ಹೆಬ್ಬೆರಳಿನ ದಾರದ ಗಂಟಿಗೆ ಉಗುರು ಹಾಕಿದರು.

ಹಿಡಿತವಿಲ್ಲದ ಬೆರಳು. ಗಂಟು ಸಿಗುತ್ತಿತ್ತು, ಜಾರುತ್ತಿತ್ತು. ಮನೆಯ ಹಿರಿಯರೊಬ್ಬರು ಮುಂದೆ ಬಂದರು. "ಎಂತ ಮಾಡ್ತಿದ್ದಾರೆ ಇವರು? ಅದನ್ನು ಬಿಚ್ಚಲಿಕ್ಕಿಲ್ಲ ಈಗ." ತಲೆ ಸರಿಯಿಲ್ಲದವರು, ಏನೋ ಹಟ, ಬೇಗ ಮುಗಿಸಲಿ ಎಂದು ಯಾರೋ ಒಳಗಿನಿಂದ ಕತ್ತರಿ ತಂದರು.

ಅಕ್ಕ ಅಲ್ಲಿಯವರೆಗೆ ಗೋಡೆಗೆ ಒರಗಿ ಕೂತಿದ್ದವರು ತಲೆ ಎತ್ತಿದರು.

"ಕತ್ತರಿ ಬೇಡ" ಎಂದರು. "ಅವರು ಬಿಚ್ಚಲಿ."

ಬಹಳ ಹೊತ್ತು ಹಿಡಿಯಿತು. ಗಂಟು ಬಿಚ್ಚುವಷ್ಟು ಹೊತ್ತೂ ಕಾರ್ಕಳದವರು ದಾರವನ್ನು ನೋಡಲಿಲ್ಲ, ಮುಖವನ್ನೇ ನೋಡುತ್ತಿದ್ದರು. ದಾರ ಕಳಚಿತು. ಎರಡೂ ಕೈಗಳನ್ನು ಬೇರೆ ಮಾಡಿ ಮೈಯ ಎರಡು ಬದಿಗೆ ಇಟ್ಟರು. ತಂಗಿಯ ತೋಳು ಹಿಡಿದು ಎದ್ದರು.

ಗೋದಾಮಿನ ನಿಯಮ ಗೊತ್ತಿದ್ದವರು ಆ ಚಾವಡಿಯಲ್ಲಿ ನಾವು ಮೂರೋ ನಾಲ್ಕೋ ಮಂದಿ. ಅದು ಕ್ಷಮೆ ಎಂದು ಆಮೇಲೆ ಕ್ಯಾಷಿಯರ್ ಕಣ್ಣೊರೆಸಿಕೊಂಡು ಹೇಳಿದರು. ನನಗೆ ಹಾಗೆ ಕಾಣಲಿಲ್ಲ. ಕ್ಷಮಿಸುವವನ ಮುಖ ಹಾಗೆ ಇರುವುದಿಲ್ಲ. ಪಂದ್ಯ ಮುಗಿದ ಮೇಲೆ ಯಾರು ಯಾರದನ್ನು ಬಿಚ್ಚಬೇಕು ಎಂದು ಅವರಿಗೆ ನೆನಪಿತ್ತು. ಅಷ್ಟು ವರ್ಷ ತೊಡೆಯ ಮೇಲೆ ಇಟ್ಟುಕೊಂಡಿದ್ದ ತೀರ್ಪನ್ನು ಅವರು ಕೊಟ್ಟರು, ಕೇಳಿದವರಿಗೆ ಕೇಳಿಸದ ಹೊತ್ತಿನಲ್ಲಿ.

ಅವರ ಕಾರು ಓಣಿಯ ತಿರುವು ದಾಟುವವರೆಗೆ ಹಿರಿಯರು ಕಾದರು. ಆಮೇಲೆ ಕೈಗಳನ್ನು ಮತ್ತೆ ಎದೆಯ ಮೇಲೆ ತಂದು, ಹೊಸ ದಾರ ತೆಗೆದುಕೊಂಡು ಹೆಬ್ಬೆರಳುಗಳನ್ನು ಕಟ್ಟಿದರು. ಈ ಸಲ ಎರಡು ಗಂಟು ಹಾಕಿದರು.